ಮಿಸ್ಸಮ್ಮ ಅನುಷ್ಠಾನ ಕೂತ ಡಿಸೆಂಬರ್

ತಳ ಹತ್ತಿದ ಹುಗ್ಗಿಯ ವಾಸನೆ ಬಂದರೆ ನನಗೆ ಹಸಿವಾಗುವುದಿಲ್ಲ, ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತದೆ. ಮೊನ್ನೆ ಇಜೇರಿಗೆ ಮಗಳ ಮನೆಗೆ ಹೋಗಿದ್ದಾಗಲೂ ಹಾಗೇ ಆಯಿತು. ಅಲ್ಲಿ ಒಬ್ಬ ಸ್ವಾಮಿಗಳು ಹನ್ನೊಂದು ದಿನ ಬಾಗಿಲು ಹಾಕಿಕೊಂಡು, ಮಾತು ಬಿಟ್ಟು, ಅನ್ನ ಬಿಟ್ಟು, ಬರೀ ಹಾಲಿನ ಮೇಲೆ ಅನುಷ್ಠಾನ ಕೂತಿದ್ದರು. ನಾನು ಹೋದ ದಿನವೇ ಅದು ಮುಗಿಯುವ ದಿನ. ಬಾಗಿಲು ತೆಗೆಯುವುದನ್ನು ಕಾಯುತ್ತ ಊರಿಗೆ ಊರೇ ನೆರೆದಿತ್ತು. ಹಿತ್ತಲಲ್ಲಿ ದಾಸೋಹಕ್ಕೆಂದು ದೊಡ್ಡ ಕಡಾಯಿಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಯಾರೋ ಕೈಯಾಡಿಸುವುದನ್ನು ಮರೆತಿದ್ದರು.

"ಬಾ ಎವ್ವಾ, ಕಾಲಿಗಿ ಬೀಳು" ಎಂದು ಮಗಳು ಕೈಹಿಡಿದು ಎಳೆದಳು.

"ನನ್ನ ಸೊಂಟ ಬಗ್ಗೂದಿಲ್ಲ, ನೀ ಹೋಗು" ಎಂದೆ.

ಸೊಂಟ ಬಗ್ಗುತ್ತದೆ. ಆದರೆ ಬಾಗಿಲು ಹಾಕಿಕೊಂಡು ಕೂತವರ ಒಳಗೆ ಏನು ನಡೆಯುತ್ತದೆ ಎಂಬುದನ್ನು ನಾನು ಒಮ್ಮೆ ತೀರಾ ಹತ್ತಿರದಿಂದ ನೋಡಿದ್ದೇನೆ. ಹೊರಗೆ ನಿಂತು ಕಾಯುವುದು ಎಂಥ ಕೆಲಸ ಎಂಬುದೂ ಗೊತ್ತು. ಅದಕ್ಕೇ ಅಂಥ ಕಡೆ ನನಗೆ ನಿಂತಲ್ಲಿ ನಿಲ್ಲಲು ಆಗುವುದಿಲ್ಲ.

ನಮ್ಮೂರು ನಿಂಬರ್ಗಾದಲ್ಲಿ ಊರ ಹೊರಗೆ, ಆಳಂದಕ್ಕೆ ಹೋಗುವ ರಸ್ತೆಯ ಬದಿಗೆ, ಆಗ ಒಂದು ಕಲ್ಲಿನ ದವಾಖಾನೆ ಇತ್ತು. ಮುಂದೆ ಎರಡು ಕೋಣೆ ರೋಗಿಗಳಿಗೆ, ಹಿಂದೆ ಎರಡು ಕೋಣೆ ಅಲ್ಲಿಯ ಮಿಷನ್ ಡಾಕ್ಟರು ಮಿಸ್ಸಮ್ಮನಿಗೆ. ಅಂಗಳದಲ್ಲಿ ಬೇವಿನ ಮರ. ಮಿಸ್ಸಮ್ಮನ ಹೆಸರು ಇಂಗ್ರಿಡ್. ಅದು ಊರಲ್ಲಿ ಯಾರ ನಾಲಗೆಗೂ ಹೊರಳಲಿಲ್ಲ. ಅವಳ ದೇಶ ಸ್ವೀಡನ್. ಅಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗುತ್ತದೆ, ಬಾಗಿಲ ಮುಂದೆ ಮೊಣಕಾಲುದ್ದ ಹಿಮ ಬೀಳುತ್ತದೆ ಎಂದು ಹೇಳುತ್ತಿದ್ದಳು. ನಾನು ನಂಬಿರಲಿಲ್ಲ. ನಮ್ಮಲ್ಲಿ ಆ ತಿಂಗಳು ಎಂದರೆ ಬೆಳಿಗ್ಗೆ ಚಳಿ, ಹತ್ತು ಗಂಟೆಗೆ ಬಿಸಿಲು, ಹೊಲದ ತುಂಬ ಒಣಗಿ ಗಿಲಿಗಿಲಿ ಎನ್ನುವ ತೊಗರಿ ಕಾಯಿ.

ಆಳೆತ್ತರದ ಹೆಂಗಸು. ಎಂಥ ಸೀರೆ ಉಟ್ಟರೂ ಕಾಲಿನಿಂದ ಗೇಣು ಮೇಲೇ ನಿಲ್ಲುತ್ತಿತ್ತು. ನಾನು ಹೇಳುತ್ತಿರುವ ವರ್ಷಕ್ಕೆ ಅವಳು ಬಂದು ಹನ್ನೊಂದು ವರ್ಷವಾಗಿತ್ತು, ಊರಿಗೆ ಕರೆಂಟು ಬಂದು ಎರಡು ವರ್ಷ. ನಾನು ಗಂಡ ಸತ್ತ ಮೇಲೆ ಅವಳ ಕಡೆ ಕೆಲಸಕ್ಕೆ ಸೇರಿದ್ದೆ. ಸೂಜಿ ಕುದಿಸುವುದು, ಬಟ್ಟೆ ಒಗೆಯುವುದು, ರೊಟ್ಟಿ ಬಡಿಯುವುದು, ಬಂದವರನ್ನು ಸಾಲಾಗಿ ಕೂಡಿಸುವುದು. ಔಷಧಿ ಸೀಸೆ ಗುರುತು ಹಿಡಿಯಲೆಂದು ಅವಳೇ ನನಗೆ ನಾಲ್ಕು ಅಕ್ಷರ ಕಲಿಸಿದ್ದಳು. ಕೊರಳಲ್ಲಿ ಲಿಂಗ ಕಟ್ಟಿದವಳು ಕಿರಿಸ್ತಾನರ ಮನೆಯಲ್ಲಿ ದುಡಿಯುತ್ತಾಳೆ ಎಂದು ಓಣಿಯವರು ಒಂದು ವರ್ಷ ಆಡಿಕೊಂಡರು. ಆಮೇಲೆ ಅವರ ಮಕ್ಕಳಿಗೇ ಜ್ವರ ಬಂದವು, ಸುಮ್ಮನಾದರು. ಮಿಸ್ಸಮ್ಮ ನನ್ನನ್ನು ಎಂದೂ ತನ್ನ ದೇವರ ಕಡೆಗೆ ಕರೆಯಲಿಲ್ಲ. "ನಿನ್ನ ಪೂಜಿ ಆತೇನು?" ಎಂದು ಕೇಳಿದ ಮೇಲೆಯೇ ಕೆಲಸ ಹೇಳುತ್ತಿದ್ದಳು. ತನ್ನ ಪ್ರಾರ್ಥನೆಯನ್ನು ಮಾತ್ರ ದಿನಾ ಬೆಳಿಗ್ಗೆ ರೋಗಿಗಳ ಮುಂದೆ ನಿಂತು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಕೆಮ್ಮುವವರು ಕೆಮ್ಮುತ್ತಲೇ ಕೈ ಮುಗಿಯುತ್ತಿದ್ದರು.

ಆ ವರ್ಷ ಶ್ರಾವಣದಲ್ಲಿ ಕಸ್ತೂರಿ ಸತ್ತಳು.

ಕಸ್ತೂರಿ ನಮ್ಮೂರ ಸಿದ್ದವ್ವನ ಒಬ್ಬಳೇ ಮಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾಗಿ ಸಂಜೆಗೆ ದವಾಖಾನೆಗೆ ಕರೆತಂದರು. ಮಳೆ ಹಿಡಿದಿತ್ತು. ಹಳ್ಳ ಬರುವ ಮೊದಲು ಆಳಂದದ ದೊಡ್ಡ ದವಾಖಾನೆಗೆ ಕಳಿಸಿಬಿಡೋಣ ಎಂದು ನಾನು ಅಂದೆ. "ಇಲ್ಲೇ ಆಗ್ತದ, ಹೆದರಬ್ಯಾಡ" ಎಂದಳು ಮಿಸ್ಸಮ್ಮ. ಆಯಿತು. ಹೆಣ್ಣು ಕೂಸು. ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಅಷ್ಟರಲ್ಲಿ ಹಳ್ಳ ಬಂದು ರಸ್ತೆ ಮುಳುಗಿತ್ತು. ಬೆಳಕು ಹರಿಯುವ ಹೊತ್ತಿಗೆ ಕಸ್ತೂರಿ ಇರಲಿಲ್ಲ. ಸಿದ್ದವ್ವ ಅಳಲಿಲ್ಲ, ಬೈಯಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋದಳು. ಅಂದಿನಿಂದ ದವಾಖಾನೆಯ ಕಡೆ ಮುಖ ಮಾಡಲಿಲ್ಲ. ಕೂಸಿಗೆ ಸೂಜಿ ಹಾಕಿಸಲೂ ತರಲಿಲ್ಲ. ಎರಡು ಸಲ ನಾನೇ ಅವಳ ಮನೆಗೆ ಹೋದೆ. ಎರಡು ಸಲವೂ ನನ್ನ ಮುಖದ ಮುಂದೆ ಬಾಗಿಲು ಹಾಕಿದಳು.

ಬೆಳಗಿನ ಪ್ರಾರ್ಥನೆ ನಿಂತಿತು. ಮೊದಲು ಮರೆತಿರಬೇಕು ಅಂದುಕೊಂಡೆ. ವಾರವಾಯಿತು, ತಿಂಗಳಾಯಿತು. ಅದರ ಬದಲಿಗೆ ಓಡಾಟ ಶುರುವಾಯಿತು. ಹಿಂದಿನ ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ನಾನು ರೊಟ್ಟಿ ಬಡಿಯುತ್ತಿದ್ದರೆ ಚಪ್ಪಲಿಯ ಸಪ್ಪಳ ತಲೆಯೊಳಗೇ ನಡೆದಂತಾಗುತ್ತಿತ್ತು. ರೋಗಿಗಳ ಮೇಲೆ ರೇಗುತ್ತಿದ್ದಳು. ಒಮ್ಮೆ ಗಾಯಕ್ಕೆ ಕಟ್ಟುತ್ತಿದ್ದ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿ ನಿಂತಳು. ನಾನೇ ಕಟ್ಟಿ ಮುಗಿಸಿದೆ.

ದೀಪಾವಳಿ ಕಳೆದ ಮೇಲೆ ಅವಳ ದೇಶದಿಂದ, ಅವಳನ್ನು ಕಳಿಸಿದ ಮಿಷನ್ನಿನವರ ಕಾಗದ ಬಂತು. ಬೇಕಾದರೆ ತಿರುಗಿ ಬಾ, ವರ್ಷ ಮುಗಿಯುವುದರೊಳಗೆ ಹೇಳು, ನೀನು ಬಂದರೆ ನಿನ್ನ ಜಾಗಕ್ಕೆ ಬೇರೆ ಯಾರೂ ಸಿಗುವುದಿಲ್ಲ, ದವಾಖಾನೆ ಮುಚ್ಚುತ್ತೇವೆ ಎಂದು ಬರೆದಿದ್ದರು. ಓದಿ ಹೇಳಿದಳು.   ದವಾಖಾನೆ ಮುಚ್ಚಿದರೆ ನಾನು ಮತ್ತೆ ಗೌಡರ ಹೊಲದಲ್ಲಿ ತೊಗರಿ ಕೊಯ್ಯಬೇಕು, ಊರವರು ಮತ್ತೆ ಜ್ವರಕ್ಕೆ ಬೂದಿ ಹಚ್ಚಬೇಕು. ಅದು ಅವಳಿಗೂ ಗೊತ್ತು.

ಪ್ರತಿ ವರ್ಷ ಅವಳ ಹಬ್ಬ ಬಂತೆಂದರೆ ಬೇವಿನ ಮರಕ್ಕೆ ಕಾಗದದ ನಕ್ಷತ್ರ ಕಟ್ಟಿ ಒಳಗೆ ಕಂದೀಲು ಇಡುತ್ತಿದ್ದಳು. ಶುಂಠಿ ಹಾಕಿ ಕಲ್ಲಿನಂಥ ಬಿಸ್ಕೀಟು ಸುಟ್ಟು ಓಣಿಯ ಮಕ್ಕಳಿಗೆಲ್ಲ ಹಂಚುತ್ತಿದ್ದಳು. ಆ ವರ್ಷ ಡಿಸೆಂಬರ್ ಅರ್ಧ ದಾಟಿದರೂ ನಕ್ಷತ್ರ ಪೆಟ್ಟಿಗೆಯಲ್ಲೇ ಇತ್ತು. ಒಂದು ದಿನ ಪಾತ್ರೆ ತಿಕ್ಕುತ್ತಿದ್ದವಳ ಹತ್ತಿರ ಬಂದು ನಿಂತಳು.

"ನೀಲಮ್ಮ, ನಮ್ಮ ಹಬ್ಬಕ್ಕ ಇನ್ನ ಏಳು ದಿನ ಅದ. ಏಳೂ ದಿನ ನಾ ಒಳಗ ಕೂಡ್ತೇನಿ. ಮಾತಿಲ್ಲ, ಊಟಿಲ್ಲ. ಎರಡು ಹೊತ್ತು ಹಾಲು ಇಡು, ಸಾಕು."

"ಯಾಕ್ರಿ?"

"ಪ್ರಾರ್ಥನಾ ಬರವಲ್ದು. ಒಳಗ ಏನರೆ ಉಳದದೇನು ನೋಡಬೇಕು. ಉಳದಿದ್ರ ಇರ್ತೇನಿ. ಇಲ್ಲಂದ್ರ ಹೋಗ್ತೇನಿ."

ದವಾಖಾನೆಯ ಬಾಗಿಲಿಗೆ ಹಲಗೆ ಬರೆದು ತೂಗುಹಾಕಿ ಒಳಗೆ ಹೋದಳು. ಏಳು ದಿನ ಬಂದ್, ಜೀವಕ್ಕೆ ಬಂದರೆ ಮಾತ್ರ ಕರೆಯಿರಿ ಎಂದು.

ಮರುದಿನ ನಾನು ಜೋಳ ಬೀಸಿಸಲು ಹುಸೇನಸಾಬನ ಗಿರಣಿಗೆ ಹೋದೆ. ಅಲ್ಲಿ ಗೌಡಶಾನಿ ಕೂತಿದ್ದಳು. ಊರ ಗೌಡರ ಹೆಂಡತಿ, ಕೈಯಲ್ಲಿ ಬಂಗಾರ, ಬಾಯಲ್ಲಿ ಖಾರ. ಕಾಳು ತರಲು ಮನೆಯಲ್ಲಿ ನಾಲ್ಕು ಆಳುಗಳಿದ್ದರೂ ಮಾತಿಗಾಗಿ ಗಿರಣಿಗೆ ತಾನೇ ಬರುತ್ತಿದ್ದಳು.

"ಏನ ಬೇ ನೀಲಿ, ನಿಮ್ಮ ಮಿಸ್ಸಮ್ಮ ಬಾಗಲಾ ಜಡದು ಎಲ್ಲಿಗಿ ಓಡ್ಯಾಳ?"

"ಎಲ್ಲಿಗೂ ಓಡಿಲ್ರಿ. ಒಳಗ ಅದಾರ."

"ಒಳಗ ಕುಂತು ಏನ್ ಮಾಡ್ತಾಳ? ಆ ಪೋರಿನ್ನ ಕೊಂದು ಊರಿಗಿ ಮಾರಿ ತೋರ್ಸಲಾಕ ನಾಚಿಕಿ ಬಂದಿರಬೇಕು."

ಸುತ್ತ ಕೂತ ಹೆಂಗಸರು ಕಿಸಕ್ಕೆಂದರು. ನನಗೆ ಮೈ ಉರಿಯಿತು. ಏನಾದರೂ ಹೇಳಿ ಆ ಬಾಯಿ ಮುಚ್ಚಿಸಬೇಕಿತ್ತು. ಯೋಚಿಸಿ ಹೇಳಿದ್ದಲ್ಲ.

"ಅನುಷ್ಠಾನ ಕುಂತಾರ್ರಿ" ಎಂದೆ. "ಏಳು ದಿನ. ಮಾತಿಲ್ಲ, ಕೂಳಿಲ್ಲ."

ಗೌಡಶಾನಿಯ ನಗು ಅಲ್ಲೇ ನಿಂತಿತು. ಹುಸೇನಸಾಬ ಪಟ್ಟಾ ಜಾರಿಸಿ ಗಿರಣಿ ನಿಲ್ಲಿಸಿದ. ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ಬಂದ.

"ಖರೇ ಏನು ನೀಲಮ್ಮಾ?"

"ನಾ ಯಾಕ ಸುಳ್ಳ ಹೇಳಲಿ? ಬರೇ ಹಾಲಿನ ಮ್ಯಾಲ ಅದಾರ."

"ಅರೇ! ನಮ್ಮೊಳಗ ಇದಕ್ಕ ಚಿಲ್ಲಾ ಅಂತಾರ. ಹಿಂದಕ ದೊಡ್ಡ ದೊಡ್ಡ ಬುಜುರ್ಗರು ಕೂಡ್ತಿದ್ರು. ಈ ಮಿಸ್ಸಮ್ಮ ಕುಂತಾಳಂದ್ರ ಇಕಿ ಮಾಮೂಲಿ ಹೆಣಮಗಳು ಅಲ್ಲ."

ಅಷ್ಟೇ ಸಾಕಾಯಿತು. ನಮ್ಮ ಸೀಮೆಯಲ್ಲಿ ಯಾರಾದರೂ ಮಾತು ಮತ್ತು ಊಟ ಎರಡನ್ನೂ ಬಿಟ್ಟು ಬಾಗಿಲು ಹಾಕಿಕೊಂಡರೆ ಅದು ಅವರೊಬ್ಬರ ಕೆಲಸವಾಗಿ ಉಳಿಯುವುದಿಲ್ಲ. ಊರ ಕೆಲಸವಾಗುತ್ತದೆ. ಒಳಗೆ ಕೂತವರಿಗೆ ಹೊರಗಿನವರು ಕಾವಲು. ಹೆಂಗಸರು ಕಾಯಿ, ಹಾಲು ತರಬೇಕು. ಭಜನೆಯವರು ಅಂಗಳದಲ್ಲಿ ಕೂತು ಹಾಡಬೇಕು. ಕೊನೆಯ ದಿನ ಮನೆಮನೆಯಿಂದ ಕಾಳು ಕೂಡಿಸಿ ದಾಸೋಹ ಮಾಡಬೇಕು, ಒಳಗಿನವರು ಹೊರಗೆ ಬಂದು ನಾಲ್ಕು ಮಾತು ಹೇಳಿ ತಮ್ಮ ಕೈಯಿಂದಲೇ ಎಲ್ಲರಿಗೂ ಪ್ರಸಾದ ನೀಡಬೇಕು. ನಡುವೆ ಎದ್ದರೆ ಊರಿಗೆ ಕೇಡು. ಕೂತವರ ದೇವರು ಯಾವುದು ಎಂದು ಯಾರೂ ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಕಸ ಗುಡಿಸಲು ಹೋದರೆ ಬೇವಿನ ಮರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಸೆರಗು ಹೊದ್ದು ಕೂತಿದ್ದರು. ಬಾಗಿಲಿಗೆ ಮಾವಿನ ತೋರಣ. "ದರ್ಶನಕ್ಕ ಎಷ್ಟೊತ್ತಿಗಿ ಬಿಡ್ತೀ?" ಎಂದು ಕೇಳಿದರು. "ದರ್ಶನ ಗಿರ್ಶನ ಇಲ್ಲ, ಮನಿಗಿ ಹೋಗ್ರಿ" ಎಂದೆ. ಹೋಗಲಿಲ್ಲ. ನನ್ನನ್ನೇ ಹೊಗಳಿದರು, ಇಂಥ ಕಾವಲು ಇರಬೇಕು ಎಂದು. ಮಧ್ಯಾಹ್ನಕ್ಕೆ ಹುಸೇನಸಾಬ ಜಮಖಾನೆ ತಂದು ಹಾಸಿದ. ಸಂಜೆಗೆ ಭಜನೆಯ ಶರಣಪ್ಪ ತನ್ನ ಮೇಳ ಕಟ್ಟಿಕೊಂಡು ಬಂದ. ತಾಳ, ಏಕತಾರಿ, ದಮ್ಮಡಿ. ತೊಗರಿ ಕೊಯ್ಲಿನ ಹೊತ್ತು, ಕೈಗೆ ಬಿಡುವಿಲ್ಲದ ದಿನಗಳು. ಅಂಥದರಲ್ಲೂ ಪಾಳಿ ಹಚ್ಚಿಕೊಂಡು ಬಂದರು.

ಬಾಗಿಲ ಕೆಳಗಿನಿಂದ ಒಂದು ಚೀಟಿ ಹೊರಬಂತು. ನನಗೆ ಓದಲು ಬರಲೆಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಹೊರಗೆ ಏನು ಗದ್ದಲ?

ಬಾಗಿಲಿಗೆ ಬಾಯಿಟ್ಟು ಹೇಳಿದೆ. "ಏನಿಲ್ರಿ. ತೊಗರಿ ರಾಶಿ ಮಾಡಾಕತ್ತಾರ."

ಸ್ವಲ್ಪ ಹೊತ್ತಿಗೆ ಇನ್ನೊಂದು ಚೀಟಿ. ತೊಗರಿ ರಾಶಿಗೆ ತಾಳ ಯಾಕೆ?

ಚೀಟಿಯನ್ನು ಸೆರಗಿಗೆ ಸಿಕ್ಕಿಸಿಕೊಂಡೆ. ಹಾಲು ಇಟ್ಟು ಬಂದೆ.

ನಾಲ್ಕನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಆ ಸಣ್ಣ ಕೋಣೆಯಲ್ಲಿ ಎಷ್ಟೆಂದು ತಿರುಗುತ್ತಾಳೆ? ಹೊಲದ ಕಡೆ ಒಂದು ಸುತ್ತು ಹಾಕಿ ಬರೋಣ ಎಂದು ಮಧ್ಯಾಹ್ನ ಬಾಗಿಲು ತೆರೆದಳು. ಅಂಗಳದಲ್ಲಿದ್ದ ನಲವತ್ತು ಜನ ಒಮ್ಮೆಗೇ ನೆಲಕ್ಕೆ ಹಣೆ ಹಚ್ಚಿದರು. ಅವಳು ಬಾಗಿಲನ್ನು ಮತ್ತೆ ಹಾಕಿಕೊಂಡ ಸದ್ದು ಗಿರಣಿಯ ತನಕ ಕೇಳಿರಬೇಕು. ನಾನು ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

"ಇವರು ಯಾರು ನೀಲಮ್ಮ? ಯಾಕ ಬಂದಾರ?"

ಇದ್ದದ್ದನ್ನೆಲ್ಲ ಹೇಳಿದೆ. ಗಿರಣಿ, ಗೌಡಶಾನಿ, ನನ್ನ ಬಾಯಿ.

"ನಾ ಸ್ವಾಮಿ ಅಲ್ಲ!" ಎಂದಳು. ಮೆಲ್ಲಗೆ ಹೇಳಬೇಕೆಂದು ಹಲ್ಲು ಕಚ್ಚಿ ಹೇಳಿದಳು, ಮುಖ ಕೆಂಪು ಗಜ್ಜರಿಯಂತಾಗಿತ್ತು. "ನನಗ ಪ್ರಾರ್ಥನಾ ಬರವಲ್ದು ಅಂತ ನಾ ಒಳಗ ಕುಂತೇನಿ. ಇವರು ನನಗೇ ಕೈ ಮುಗಿಯಾಕತ್ತಾರ! ಹೋಗು, ಹೇಳು ಅವರಿಗಿ. ಎದ್ದು ಹೋಗ್ಲಿ."

"ಹೇಳಿದ್ರ ಹೋಗೂದಿಲ್ರಿ. ನೀವು ನಡಬರ್ಕ ಎದ್ರ ಊರಿಗಿ ಕೇಡು ಅಂತಾರ. ಮುಂದ ಒಂದು ಎಮ್ಮಿ ಸತ್ರೂ ನಿಮ್ಮ ಹೆಸರ ಹೇಳ್ತಾರ. ಇನ್ನ ಮೂರು ದಿನ ಹಲ್ಲ ಕಚಗೊಂಡು ಕೂಡ್ರಿ."

ಅವಳು ಮಂಚದ ಮೇಲೆ ಕುಸಿದು ಕೂತಳು. ಆಗ ನನ್ನ ಕಣ್ಣಿಗೆ ಬಿತ್ತು. ಮಂಚದ ಪಕ್ಕ ಪೆಟ್ಟಿಗೆ ಬಾಯ್ದೆರೆದಿತ್ತು, ಸೀರೆಗಳೆಲ್ಲ ಮಡಿಸಿ ಒಳಗಿದ್ದವು. ಮೇಜಿನ ಮೇಲೆ ಅಂಟು ಹಚ್ಚಿದ ಲಕೋಟೆ.

"ಬರದೀರೇನ್ರಿ?"

"ಬರದೇನಿ. ಬರ್ತೇನಿ ಅಂತ ಬರದೇನಿ. ಹಬ್ಬದ ಮರುದಿನ ಮುಂಜಾನಿ ಬಸ್ಸಿಗಿ ಹೋಗಿ ಆಳಂದದಾಗ ಟಪಾಲಿಗಿ ಹಾಕಿ, ಹಂಗೇ ಮುಂದ ಹೋಗ್ತೇನಿ."

"ಏಳು ದಿನ ನೋಡ್ತೇನಿ ಅಂದಿದ್ರಿ. ನಾಕೇ ದಿನಕ್ಕ ಗೊತ್ತಾತೇನು?"

"ಮೊದಲನೇ ದಿನಕ್ಕೇ ಗೊತ್ತಾತು. ಕಣ್ಣು ಮುಚ್ಚಿದ್ರ ಆ ಪೋರಿ ಕಾಣ್ತಾಳ, ಮತ್ತೇನೂ ಇಲ್ಲ."

ನಾನು ಹೊರಗೆ ಬಂದೆ. ಹೆಂಗಸರು ಸುತ್ತುಗಟ್ಟಿದರು. ಮಾರಿ ಹೆಂಗ ಕಳಾ ಕಳಾ ಅಂತಿತ್ತು ನೋಡಿದೇನು ಎಂದು ಒಬ್ಬಳು, ಕಣ್ಣಾಗ ಬೆಂಕಿ ಇತ್ತು ಎಂದು ಇನ್ನೊಬ್ಬಳು. ಬೆಂಕಿ ಇತ್ತು, ಅದು ನನ್ನ ಮೇಲೆ.

ಮುಂದಿನ ಎರಡು ದಿನ ನನ್ನ ಪಾಡು ಹೇಳತೀರದು. ಒಳಗೆ ಪೆಟ್ಟಿಗೆ ಕಟ್ಟಿಟ್ಟುಕೊಂಡು ಒಬ್ಬಳು ತಿರುಗುತ್ತಿದ್ದಾಳೆ. ಹೊರಗೆ ಜನ ಅವಳಿಗೆಂದು ಹಾಡುತ್ತಿದ್ದಾರೆ. ಎರಡೂ ಗೊತ್ತಿರುವವಳು ನಾನೊಬ್ಬಳೇ. ಅವರು ಕೊಟ್ಟ ಕಾಯಿ ತೆಗೆದುಕೊಂಡು ಮೂಲೆಗಿಡುತ್ತ ಹೋದೆ, ಮೂಲೆ ಗುಡ್ಡವಾಯಿತು. ಕೂತರೆ ನಿಲ್ಲಬೇಕು, ನಿಂತರೆ ಕೂಡಬೇಕು ಅನಿಸುತ್ತಿತ್ತು. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಅವಳ ಮಾತೇ ಕಿವಿಯಲ್ಲಿತ್ತು. ನಾನು ತಿಳುವಳಿಕೆ ಬಂದಾಗಿನಿಂದ ಪೂಜೆ ತಪ್ಪಿಸಿದವಳಲ್ಲ. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದೇನು? ಒಲೆಯ ಮೇಲಿನ ಹಾಲು. ಅದು ಉಕ್ಕುತ್ತದೇನೋ ಎಂಬ ಚಿಂತೆ. ಮೂವತ್ತು ವರ್ಷ ಹಾಲನ್ನೇ ಪೂಜೆ ಮಾಡಿದೆನೇನೋ. ಅವಳಾದರೂ ಬಾಗಿಲು ಹಾಕಿಕೊಂಡು ಹುಡುಕಿದಳು, ಇಲ್ಲ ಎಂದು ಹೇಳಿದಳು. ನಾನು ಹುಡುಕಿಯೇ ಇರಲಿಲ್ಲ. ಆ ದಿನ ಹಾಲು ಉಕ್ಕಿದರೂ ಏಳಲಿಲ್ಲ, ಸುಮ್ಮನೆ ಕೂತೆ. ನನಗೂ ಏನೂ ಕಾಣಲಿಲ್ಲ. ಆದರೆ ಎದ್ದಾಗ, ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ, ಯಾವುದು ಎಲ್ಲಿದೆ ಎಂದು ಮನೆಯನ್ನೆಲ್ಲ ಒಮ್ಮೆ ನೋಡಿದೆ.

ಏಳನೆಯ ದಿನ ಅವಳ ಹಬ್ಬ. ಬೆಳಿಗ್ಗೆಯೇ ಅಂಗಳದಲ್ಲಿ ಒಲೆ ಹೂಡಿದರು. ಗೌಡಶಾನಿಯ ಮನೆಯಿಂದ ಗೋಧಿ ಬೆಲ್ಲ ಬಂತು, ಮನೆಮನೆಯಿಂದ ರೊಟ್ಟಿಯ ಬುಟ್ಟಿಗಳು ಬಂದವು, ತೊಗರಿಬೇಳೆಯ ಸಾರನ್ನು ಹುಸೇನಸಾಬನ ಹೆಂಡತಿ ತಾನೇ ನಿಂತು ಕಾಯಿಸಿದಳು. ಹುಗ್ಗಿಯ ಕಡಾಯಿ ನನ್ನ ಪಾಲಿಗೆ. ನನ್ನ ಕಣ್ಣು ಬಾಗಿಲ ಮೇಲಿತ್ತು, ಕೈ ನಿಂತಿತು, ತಳ ಹತ್ತಿತು. "ನೀಲಿ, ಸುಡಾಕತ್ತದ ನೋಡ ಬೇ!" ಎಂದು ಗೌಡಶಾನಿ ಚೀರಿದಾಗಲೇ ಬಾಗಿಲು ತೆರೆಯಿತು.

ಏಳು ದಿನಕ್ಕೆ ಅವಳು ಅರ್ಧ ಆಗಿದ್ದಳು. ತಾಳ ನಿಂತವು. ಕಾಲಿಗೆ ಬೀಳಲು ಬಂದವರಿಗೆ "ಬ್ಯಾಡ್ರಿ, ಬ್ಯಾಡ್ರಿ" ಎನ್ನುತ್ತ ಹಿಂದೆ ಸರಿದಳು. "ನಾಕು ಮಾತು ಹೇಳ್ರಿ ಯವ್ವಾ" ಎಂದ ಶರಣಪ್ಪ. ಅವಳು ನನ್ನ ಕಡೆ ನೋಡಿದಳು. ನಾನು ಕಡಾಯಿಯ ಕಡೆ ನೋಡಿದೆ. ಅವಳು ಸುಳ್ಳು ಹೇಳುವವಳಲ್ಲ.

"ನಾನು ಸ್ವಾಮಿ ಅಲ್ಲ" ಎಂದಳು. "ಏಳು ದಿನ ಕುಂತೆ. ದೇವರು ಬರಲಿಲ್ಲ. ಒಳಗ ಖಾಲಿ ಅದ. ಕಸ್ತೂರಿ ಸತ್ತದ್ದು ನನ್ನ ತಪ್ಪು. ಸಂಜಿಗೇ ಆಳಂದಕ್ಕ ಕಳಸಬೇಕಿತ್ತು. ನಾ ಕಳಸಲಿಲ್ಲ. ನನಗ ಎಲ್ಲಾ ಬರ್ತದ ಅಂದಕೊಂಡಿದ್ದೆ. ಅಷ್ಟೇ."

 ಈಗ ಯಾರೋ ಒಬ್ಬರು ಏಳುತ್ತಾರೆ, ಒಂದು ಬೈಗುಳ ಬರುತ್ತದೆ, ಅದರ ಹಿಂದೆ ಎಲ್ಲವೂ ಬರುತ್ತವೆ ಎಂದು ಸೌಟನ್ನು ಗಟ್ಟಿಯಾಗಿ ಹಿಡಿದು ನಿಂತೆ.

ಶರಣಪ್ಪ ತಾಳ ಕೆಳಗಿಟ್ಟ. "ಏಳು ದಿನಕ್ಕ ಎಲ್ಲಿ ಬರ್ತಾನವ್ವ ಅವ? ನಾ ನಲವತ್ತು ವರ್ಷ ಆತು ಬಡಿಲಾಕತ್ತು, ನನ್ನ ಕಡಿಗೇ ಬಂದಿಲ್ಲ."

ಮೊದಲು ಹುಸೇನಸಾಬ ನಕ್ಕ. ಆಮೇಲೆ ಎಲ್ಲರೂ. ಗೌಡಶಾನಿ ಮಾತ್ರ ನಗಲಿಲ್ಲ. ಗಿರಣಿಯಲ್ಲಿ ಆಡಿದ್ದು ನೆನಪಾಗಿರಬೇಕು. ಸೆರಗು ಸರಿಮಾಡಿಕೊಂಡು ಎದ್ದು, "ತಪ್ಪಾತು ಅಂತ ಮಂದ್ಯಾಗ ನಿಂತು ಅಂದ ಡಾಕ್ಟರನ್ನ ನಾ ಎಲ್ಲೂ ನೋಡಿಲ್ಲ. ಸಾಕು ಬಿಡ್ರಿ. ಹುಗ್ಗಿ ಆರಾಕತ್ತದ, ಬಡಸ್ರಿ" ಎಂದು ನನ್ನ ಕೈಯಿಂದ ಸೌಟು ಕಿತ್ತು ಅವಳ ಕೈಗೆ ಕೊಟ್ಟಳು.

ಸಾಲು ಬೇವಿನ ಮರದಿಂದ ರಸ್ತೆಯ ತನಕ ಇತ್ತು. ನಾನು ಕಡಾಯಿಯಿಂದ ತುಂಬಿ ಕೊಡುವುದು, ಅವಳು ನೀಡುವುದು. ಅನ್ನ ಬಿಟ್ಟ ಮೈ, ನಡುನಡುವೆ ಬೇವಿನ ಮರಕ್ಕೆ ಒರಗುತ್ತಿದ್ದಳು. ನಾನು ನೀಡುತ್ತೇನೆ ಎಂದರೆ ಜನ ಒಪ್ಪಬೇಕಲ್ಲ. ಸಾಲು ಮುಗಿಯುತ್ತ ಬಂದಾಗ ಒಂದು ತಾಟು ಮುಂದೆ ಬಂತು. ಸಿದ್ದವ್ವ.

ಮಿಸ್ಸಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಸಿದ್ದವ್ವ ಅವಳ ಮುಖ ನೋಡಲಿಲ್ಲ, ತಾಟು ನೋಡುತ್ತಿದ್ದಳು. ಮಿಸ್ಸಮ್ಮ ಒಂದು ಸೌಟು ಹಾಕಿದಳು. ತಾಟು ಸರಿಯಲಿಲ್ಲ.

"ಇನ್ನಷ್ಟು ಹಾಕ್ರಿ" ಎಂದಳು ಸಿದ್ದವ್ವ.

ಹಾಕಿದಳು.

"ಕೂಸಿಂದೂ ಹಾಕ್ರಿ."

"ಕೂಸಿಂದಾ?" ಎಂದಳು ಮಿಸ್ಸಮ್ಮ. "ನಾಕು ತಿಂಗಳ ಕೂಸಿಗಿ ಹುಗ್ಗಿ?"

"ಪ್ರಸಾದ ಅದ. ಬಾಯಿಗಿ ಹಚ್ಚತೇನಿ."

"ಹಚ್ಚಬ್ಯಾಡ! ಬೇಧಿ ಹತ್ತತದ. ಏನ್ ಕುಡಸಾಕತ್ತಿ ಅದಕ್ಕ?"

"ಆಡಿನ ಹಾಲು."

"ಕಾಸಿ?"

ಸಿದ್ದವ್ವ ತಾಟಿನ ಮೇಲೆ ಸೆರಗು ಮುಚ್ಚಿದಳು.

"ಕಾಸಲಾರದ ಕುಡಸ್ತೀಯೇನು? ನೀರ ಎಷ್ಟು ಹಾಕ್ತಿ? ತೂಕ ಎಷ್ಟದ?"

"ನನಗೇನ ಗೊತ್ತ್ರಿ? ಬೆಕ್ಕಿನ ಮರಿ ಹಂಗ ಅದ."

"ಸೂಜಿ ಒಂದೂ ಹಾಕಿಲ್ಲ! ನಾಳಿ ಮುಂಜಾನಿ ತಗೊಂಡು ಬಾ. ತಪ್ಪಸಬ್ಯಾಡ" ಎಂದು ಗದರಿಸಿ, ಸೌಟನ್ನು ಮುಂದಿನ ತಾಟಿಗೆ ಒಯ್ದಳು.

ನಾಳೆ ಎಂದಿದ್ದು ಅವಳಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. 

ಮರುದಿನ ಬೆಳಿಗ್ಗೆ ಹೋದಾಗ ಪೆಟ್ಟಿಗೆ ಹಗ್ಗ ಬಿಗಿದುಕೊಂಡು ಪಡಸಾಲೆಯಲ್ಲಿತ್ತು. ಅವಳು ಪ್ರಯಾಣದ ಸೀರೆ ಉಟ್ಟು, ಲಕೋಟೆ ಕೈಯಲ್ಲಿ ಹಿಡಿದು, ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ನಾನು ಅವಳನ್ನು ತಡೆಯಲಿಲ್ಲ, ಅಳಲಿಲ್ಲ. ತಿರುಗುವವರನ್ನು ಹಿಡಿದು ನಿಲ್ಲಿಸಿದರೆ ಇನ್ನೂ ಜೋರಾಗಿ ತಿರುಗುತ್ತಾರೆ. ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಅಷ್ಟರಲ್ಲಿ ಸಿದ್ದವ್ವ ಬಂದಳು. ಹಳೆಯ ಕೌದಿಯಲ್ಲಿ ಕೂಸು.

ಮಿಸ್ಸಮ್ಮ ಲಕೋಟೆಯನ್ನು ಪೆಟ್ಟಿಗೆಯ ಮೇಲಿಟ್ಟು ಕೈ ತೊಳೆದಳು. ತಕ್ಕಡಿಯ ಜೋಳಿಗೆಯಲ್ಲಿ ಕೂಸನ್ನು ಇಟ್ಟೆವು. ಮುಳ್ಳು ಒಂಚೂರು ಸರಿದು ನಿಂತಿತು. ಅಷ್ಟೇ ಇತ್ತು ಜೀವ. ಆದರೆ ಕಣ್ಣು ಎಷ್ಟು ಚುರುಕು! ಅವಳ ಬಿಳಿ ಮುಖ ನೋಡಿ ಅಳಲಿಲ್ಲ, ಮೂಗು ಹಿಡಿಯಲು ಬಂತು. ಹಾಲು ಕಾಸುವುದು, ಬಟ್ಟಲು ಕುದಿಸುವುದು, ಎಷ್ಟು ಹೊತ್ತಿಗೊಮ್ಮೆ ಕುಡಿಸುವುದು ಎಲ್ಲವನ್ನೂ ಮಿಸ್ಸಮ್ಮ ಹೇಳಿದಳು. ಸಿದ್ದವ್ವನ ಬಾಯಿಂದ ತಿರುಗಿ ಹೇಳಿಸಿದಳು. ತೊಡೆಗೆ ಸೂಜಿ ಹಾಕಿದಾಗ ಕೂಸು ಅಂಗಳ ಹಾರಿಹೋಗುವ ಹಾಗೆ ಕಿರುಚಿತು. ಅದೇ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

"ನಿಲ್ಲಲಾಕ ಹೇಳು" ಎಂದಳು ನನಗೆ. ಓಡಿಹೋಗಿ ಕೈ ಅಡ್ಡ ಹಿಡಿದೆ. ಪೆಟ್ಟಿಗೆ ಇದೆ, ಮಿಸ್ಸಮ್ಮ ಬರುತ್ತಾಳೆ, ಎರಡು ನಿಮಿಷ ನಿಲ್ಲು ಎಂದು ಕಂಡಕ್ಟರನಿಗೆ ಹೇಳಿ ತಿರುಗಿ ಬಂದೆ.

ಸಿದ್ದವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಸಮಾಧಾನ ಮಾಡುತ್ತಿದ್ದಳು. "ಇದೊಂದೇ ಸೂಜಿ ಏನ್ರಿ?"

"ಇಲ್ಲ, ಇನ್ನ ಎರಡು ಅದಾವ. ಮುಂದಿನ ತಿಂಗಳಿಗೊಂದು, ಅದರ ಮುಂದಿನ ತಿಂಗಳಿಗೊಂದು."

ಸಿದ್ದವ್ವನ ಕಣ್ಣು ಪಡಸಾಲೆಯ ಪೆಟ್ಟಿಗೆಯ ಮೇಲೆ ಹೋಯಿತು. ಹಗ್ಗದ ಗಂಟನ್ನೂ ನೋಡಿದಳು. ಶ್ರಾವಣದಿಂದ ಇಲ್ಲಿಯ ತನಕ ಅವಳು ಮಿಸ್ಸಮ್ಮನ ಮುಖವನ್ನು ನೆಟ್ಟಗೆ ನೋಡಿದ್ದು ಆಗಲೇ.

"ಯಾರ ಹಾಕ್ತಾರ್ರಿ?"

ಬಸ್ಸು ಮತ್ತೊಮ್ಮೆ ಹಾರ್ನ್ ಹೊಡೆಯಿತು. ಮಿಸ್ಸಮ್ಮ ಕೈಯಲ್ಲಿದ್ದ ಖಾಲಿ ಸೂಜಿಯನ್ನು ನೋಡಿದಳು. ಉತ್ತರ ಹುಡುಕುವವಳ ಹಾಗೆ ಇರಲಿಲ್ಲ. ಸುಸ್ತಾದವಳ ಹಾಗೆ ಇದ್ದಳು. ಸೂಜಿಯನ್ನು ನನ್ನ ಕೈಯಲ್ಲಿಟ್ಟಳು.

"ನೀಲಮ್ಮ, ಬಸ್ಸಿಗಿ ಹೋಗ ಅನ್ನು."

ನಾನು ಸೂಜಿ ಹಿಡಿದುಕೊಂಡೇ ರಸ್ತೆಗೆ ಓಡಿದೆ. "ಹೋಗೋ ಯಪ್ಪಾ, ಯಾರೂ ಬರೂದಿಲ್ಲ" ಎಂದೆ.

"ಮತ್ತ ಇಷ್ಟೊತ್ತು ಯಾಕ ನಿಲ್ಲಸಿದಿ ಬೇ ಮುದುಕಿ?" ಎಂದು ಕಂಡಕ್ಟರ್ ಬಾಗಿಲು ಬಡಿದ.

ಆಗಿನ್ನೂ ನಾನು ಮುದುಕಿ ಆಗಿರಲಿಲ್ಲ. ಆದರೆ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಬಸ್ಸಿನ ಧೂಳು ಮುಖಕ್ಕೆ ಬಡಿಯಿತು. ಒಳಗೆ ಹೋಗಿ ಒಲೆ ಹಚ್ಚಿ ಸೂಜಿ ಕುದಿಯಲು ಇಟ್ಟೆ.